ಮನೆದೇವರು ಯಾವುದು?

ಆ ಸಂಜೆ ಅಮೆರಿಕದ ನಮ್ಮ ಕ್ಯಾಂಪಸ್ಸಿನ ಸಭಾಂಗಣ ಕಾದ ಬಾಣಲೆಯಂತಿತ್ತು. ಜನಾಂಗಭೇದವೆಲ್ಲ ಕೆಲವು ಕೆಟ್ಟ ಮನುಷ್ಯರದ್ದು, ವ್ಯವಸ್ಥೆಯದ್ದಲ್ಲ ಎಂದು ಹಿಂದಿನ ವಾರ ಯಾರೋ ಅತಿಥಿ ಭಾಷಣ ಬಿಗಿದು ಹೋಗಿದ್ದ. ಅವನನ್ನು ಕರೆದದ್ದೇ ತಪ್ಪೆಂದು ಅರ್ಧ ಜನ, ಮಾತಾಡಲು ಬಿಡಬೇಕೆಂದು ಇನ್ನರ್ಧ. ಕೊನೆಗೆ ಮೈಕು ಹಿಡಿದವರು ಅಣ್ಣ. ಒಡಹುಟ್ಟಿದವರಲ್ಲ, ಬೆಂಗಳೂರಿನವರು, ಹಗಲು ಡಾಟ್‌ಕಾಮ್ ಕಂಪನಿಯಲ್ಲಿ ಕೆಲಸ, ಸಂಜೆ ನನ್ನ ಜೊತೆ ಕ್ಲಾಸು.

ಕಪ್ಪು ಜನರಿಗೆ ಯಾರೂ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ, ಆದರೂ ಮನೆ ಸಿಗುವುದಿಲ್ಲ. ಅದೇ ವ್ಯವಸ್ಥೆ ಎಂದರು ಅಣ್ಣ. ಮೈಸೂರಿನ ಹತ್ತಿರದ ನಮ್ಮ ಹೊಲಗೇರಿಯ ಕಥೆಯನ್ನೇ ಹೇಳಿದಂತಾಗಿ, ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ಬಾಡಿಗೆ ಏರಿ ಏರಿ, ನಾನು ಅಪಾರ್ಟ್‌ಮೆಂಟು ಬಿಡಲೇಬೇಕಾಗಿದ್ದ ತಿಂಗಳು ಅದು. "ನಮ್ಮನೇಲಿ ರೂಮು ಖಾಲಿ ಬಿದ್ದಿದೆ, ಬಂದ್ಬಿಡು," ಎಂದು ಅಣ್ಣನೇ ಡಬ್ಲಿನ್ ಎಂಬ ಹತ್ತಿರದ ಊರಿನ ತಮ್ಮ ಮನೆಗೆ ಊಟಕ್ಕೆ ಕರೆದೊಯ್ದರು.

ಅವರ ತಾಯಿ ಬಡಿಸುತ್ತ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು. ಎರಡರಿಂದಲೂ ಏನೂ ಗಿಟ್ಟಲಿಲ್ಲ.

"ಮನೆದೇವ್ರು ಯಾವ್ದಮ್ಮ ನಿಮ್ದು?"

ಮರ್ಯಾದಸ್ಥರು ಜಾತಿ ಕೇಳುವ ದಾರಿ ಅದು. ತಿರುಪತಿ ತಿಮ್ಮಪ್ಪ ಎಂದಿದ್ದರೆ ಬಚಾವಾಗುತ್ತಿದ್ದೆ. ಚಪ್ಪಾಳೆಯ ಗುಂಗಿನಲ್ಲಿದ್ದೆ.

"ನಮ್ಮ ಕೇರಿ ಮಾರಮ್ಮ," ಎಂದೆ.

ಸೌಟು ಹುಳಿಯ ಪಾತ್ರೆಯಲ್ಲೇ ನಿಂತಿತು. "ಓಹೋ, ಒಳ್ಳೇದು," ಎಂದು ಮತ್ತೆ ಬಡಿಸಿದರು. ಈ ಸಲ ಎತ್ತರದಿಂದ. ಅಣ್ಣನ ನೋಟ ತಟ್ಟೆಯಲ್ಲೇ ಇತ್ತು.

ವಾಪಸು ಬರುವಾಗ ಫ್ರೀವೇಯಲ್ಲಿ ಬಾಯಿಬಿಟ್ಟರು. "ಬೇಜಾರ್ ಮಾಡ್ಕೋಬೇಡ. ನಂಗೇನಿಲ್ಲ. ನನ್ನ ವೈಫಿಗೂ ಇಲ್ಲ. ಅಮ್ಮಂಗೂ ಪಾಪ, ಹಾಗೇನಿಲ್ಲ. ಮನೇಲಿ ದೇವ್ರ ರೂಮಿದೆಯಲ್ಲ, ಅದಕ್ಕೇ... ರೂಮಿನ ವಿಷ್ಯ ಸದ್ಯಕ್ಕೆ ಬೇಡ." ಆಮೇಲೆ ಹಗುರಾಗಿ, "ಶುಕ್ರವಾರ ಮತ್ತೆ ಡಿಬೇಟಿದೆ. ಪಿಕಪ್ ಮಾಡ್ತೀನಿ. ಈ ಸಲ ನೀನೂ ಮಾತಾಡ್ಬೇಕು," ಎಂದರು.

ಅಣ್ಣ ಕಪಟಿಯಾಗಿದ್ದರೆ, ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಎಂದು ನಕ್ಕುಬಿಡಬಹುದಿತ್ತು. ಆದರೆ ಅವರು ಮೈಕಿನಲ್ಲಿ ಹೇಳಿದ್ದು, ಕಾರಿನಲ್ಲಿ ಹೇಳಿದ್ದು, ಎರಡನ್ನೂ ಮನಸಾರೆ ಹೇಳಿದ್ದರು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಶುಕ್ರವಾರ ಬಂದೇ ಬಂದರು. ಕೆಳಗಿನಿಂದ ಹಾರ್ನ್ ಮಾಡಿದರು, ಹೆಸರು ಹಿಡಿದು ಕರೆದರು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಾನು ದೀಪ ಆರಿಸಿ, ಕಟ್ಟಿಟ್ಟ ಸಾಮಾನುಗಳ ನಡುವೆ ಉಸಿರು ಬಿಗಿಹಿಡಿದು ಕೂತೆ. ಎಷ್ಟೋ ವರ್ಷಗಳಾದವು. ಈಗ ಇರುವುದು ನನ್ನದೇ ಮನೆಯಲ್ಲಿ. ಆದರೂ ಹೊರಗೆ ಕಾರು ನಿಂತ ಸದ್ದಾದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ.