ಮಾಬ್ಲೇಶ್ವರ ಬೆಳ್ಳಗೆ ಮಾಡಿದ ಮುಖ

ಅಂಕೋಲೆಯಲ್ಲಿ ಮಾಬ್ಲೇಶ್ವರನ ಸ್ಟುಡಿಯೋ ಮೆಟ್ಟಿಲು ಹತ್ತದೆ ಮದುವೆಯಾದ ಹುಡುಗಿಯರು ಕಡಿಮೆ. ಗಂಡಿನ ಕಡೆಗೆ ಕಳಿಸುವ ಫೋಟೋ ಎಂದರೆ ಅವನೇ ತೆಗೆಯಬೇಕು. ಎರಡೂ ಬದಿಗೆ ಬಿಳಿ ಛತ್ರಿಯ ದೀಪ ನಿಲ್ಲಿಸಿ, ಮುಖದ ಮೇಲೆ ಚೂರೂ ನೆರಳು ಉಳಿಯದಂತೆ ಬೆಳಗಿಸಿ, ಎಂಥ ಕಪ್ಪು ಹುಡುಗಿಯನ್ನೂ ಹಾಲಿನಲ್ಲಿ ಅದ್ದಿ ತೆಗೆದಂತೆ ಮಾಡಿ ಕೊಡುತ್ತಿದ್ದ. ಹುಡುಗಿ ನೋಡಲು ಬಂದವರು ಆಮೇಲೆ ಏನೆಂದುಕೊಂಡರು ಎಂಬುದು ಅವನ ತಲೆನೋವಾಗಿರಲಿಲ್ಲ. ಊರು ಅವನ ಕೈಗುಣವನ್ನು ಹೊಗಳುತ್ತಿತ್ತು. ಅವನೂ ಹೊಗಳಿಸಿಕೊಂಡು ಉಬ್ಬುತ್ತಿದ್ದ.

ಆದರೆ ಅವನಿಗೊಂದು ಚಟವಿತ್ತು. ರದ್ದಿ ಅಂಗಡಿಯಿಂದ ಮುಂಬಯಿಯ ಫ್ಯಾಷನ್ ಪತ್ರಿಕೆಗಳನ್ನು ಹೊತ್ತು ತಂದು, ಗಿರಾಕಿಗಳಿಲ್ಲದ ಮಧ್ಯಾಹ್ನ ಒಂದೊಂದೇ ಚಿತ್ರ ಹಿಡಿದು ಕೂರುತ್ತಿದ್ದ. “ಈ ಪ್ರಾಯದಲ್ಲಿ ಹುಡುಗೇರ ಚಿತ್ರ ನೋಡುಕೆ ನಾಚಿಕೆ ಆಗುದಿಲ್ವಾ?” ಎಂದು ಹೆಂಡತಿ ಜಯಂತಿ ಛೇಡಿಸುತ್ತಿದ್ದಳು. ಪಾಪ, ಅವನು ನೋಡುತ್ತಿದ್ದದ್ದು ಹುಡುಗಿಯರನ್ನಲ್ಲ, ಅವರ ಕೆನ್ನೆಯ ಮೇಲಿನ ನೆರಳನ್ನು. ಅಂಥದೊಂದು ಫೋಟೋ ತಾನೂ ತೆಗೆಯಬೇಕೆಂದು ಜೀವ ಹಾತೊರೆಯುತ್ತಿತ್ತು. ಅರ್ಧ ಮುಖ ಕತ್ತಲಲ್ಲಿರುವ ಫೋಟೋ ಅಂಕೋಲೆಯಲ್ಲಿ ಯಾರಿಗೆ ಬೇಕು?

ಬೇಕೆಂದು ಬಂದವಳು ಮನಿಷಾ. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಬೇಲೆಕೇರಿಯ ನಾಗಿಯ ಮಗಳು, ಕಾಲೇಜು ಹುಡುಗಿ. ಎರಡು ಸಾವಿರದ ಆರನೇ ಇಸವಿ. ಕಾರವಾರದಲ್ಲಿ ಹೊಸದಾಗಿ ತೆರೆಯಲಿದ್ದ ಸೀರೆ ಅಂಗಡಿಯೊಂದು ತನ್ನ ಹೋರ್ಡಿಂಗಿಗೆ ಈ ಕಡೆಯದೇ ಹುಡುಗಿಯ ಮುಖ ಬೇಕೆಂದು ಫೋಟೋ ಕೇಳಿತ್ತು.

“ಮಾಮಾ, ನಂಗೆ ಮದುವೆ ಫೋಟೋ ಬೇಡ. ಇದರಂಗೆ ಬೇಕು,” ಎಂದು ಪತ್ರಿಕೆಯಿಂದ ಹರಿದ ಹಾಳೆಯೊಂದನ್ನು ಮುಂದಿಟ್ಟಳು. ಎಣ್ಣೆ ಹಚ್ಚಿದ ಬೀಟೆ ಮರದಂಥ ಬಣ್ಣ ಅವಳದು. ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ.

ಮಾಬ್ಲೇಶ್ವರನಿಗೆ ಹಬ್ಬವೇ ಬಂದಂತಾಯಿತು. “ಬೆಳಕು ಎಲ್ಲಿಂದ ಬಂದದೆ, ಹೇಳು ನೋಡ್ವ. ಅವಳ ಕಣ್ಣು ನೋಡು. ಬಿಳಿ ಚುಕ್ಕಿ ಎಡಕ್ಕೆ, ಮೇಲೆ ಅದೆ ಅಲ್ದಾ? ಅಲ್ಲಿ ಒಂದೇ ದೀಪ.”

“ಬದಿಗೆ ಇಷ್ಟು ಜಾಗ ಖಾಲಿ ಎಂತಕೆ ಬಿಟ್ಟಾರೆ?”

“ಅವಳು ಆ ಕಡೆ ನೋಡ್ತಾ ಅವಳೆ. ದೃಷ್ಟಿ ಹೋಗುಕೆ ಜಾಗ ಬೇಡ್ವಾ?”

ಮನಿಷಾ ಹಾಳೆಯನ್ನು ಮತ್ತೆ ನೋಡಿದಳು. “ನಗು ಇಲ್ಲ. ಆದ್ರೂ ಬೇಜಾರದಲ್ಲಿ ಇದ್ದಂಗೆ ಕಾಣುದಿಲ್ಲ.”

“ಅದೇ ಭಾವ, ತಂಗಿ. ಅದನ್ನ ದೀಪದಲ್ಲಿ ತರುಕಾಗುದಿಲ್ಲ, ಕೂತವರೇ ತರಬೇಕು.”

ಎರಡು ದೀಪಗಳಲ್ಲಿ ಒಂದನ್ನು ನಂದಿಸಿದ. ಅವಳು ಅಮ್ಮನ ಹಸಿರು ಸೀರೆಯುಟ್ಟು, ಯಾರ ಅಪ್ಪಣೆಯೂ ಬೇಡವೆಂಬಂತೆ ಕೂತಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಆ ಮುಖ ಮೂಡಿದಾಗ ಅವನ ಎದೆ ತುಂಬಿ ಬಂತು. ಜನ್ಮದಲ್ಲಿ ಇಂಥದೊಂದು ತೆಗೆದಿರಲಿಲ್ಲ.

ಸಂಜೆ ಕಂಪ್ಯೂಟರಿನ ಮುಂದೆ ಕೂತಾಗ ಹೆದರಿಕೆ ಶುರುವಾಯಿತು. ಅಂಕೋಲೆಯಿಂದ ಕಾರವಾರದ ತನಕ ನಿಂತ ಹೋರ್ಡಿಂಗುಗಳೆಲ್ಲ ನೆನಪಾದವು. ಒಂದರಲ್ಲಾದರೂ ಕಪ್ಪು ಮುಖವಿತ್ತೇ? ಅಂಗಡಿಯವರು ಕವರು ಬಿಚ್ಚಿದ ಕೂಡಲೇ ಬದಿಗೆ ಎಸೆದುಬಿಟ್ಟರೆ? ಹುಡುಗಿಗೆ ಒಳ್ಳೆಯದಾಗಲಿ ಎಂದುಕೊಂಡು ಕೆನ್ನೆಯನ್ನು ತುಸು ತಿಳಿ ಮಾಡಿದ. ಆಮೇಲೆ ನೆರಳು ಹೊಲಸಾಗಿ ಕಂಡಿತು, ಅದನ್ನೂ ಒರೆಸಿದ. ಅಭ್ಯಾಸಬಲದ ಕೈ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿರಲಿಲ್ಲ. ಮೂಲ ಫೋಟೋದ ಮೇಲೇ ಸೇವ್ ಮಾಡಿ, ಮರುದಿನದ ಮದುವೆಗೆಂದು ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದ. ಫೋಟೋ ಕೊಡಲು ಮರುದಿನವೇ ಕೊನೆ, ಹಾಗಾಗಿ ಮನಿಷಾಳಿಗೆ ತೋರಿಸದೆ ತಾನೇ ಕಾರವಾರಕ್ಕೆ ಕಳಿಸಿಕೊಟ್ಟ.

ವಾರದೊಳಗೆ ಅವಳಿಗೆ ಕರೆ ಬಂತು. ಕಾರವಾರಕ್ಕೆ ಹೋದವಳು ವಾಪಸು ಬಸ್ಸಿಳಿದು ನೇರ ಸ್ಟುಡಿಯೋಕ್ಕೇ ಬಂದಳು.

“ಫೋಟೋದಲ್ಲಿ ಇದ್ದವಳು ನಿನ್ನ ಅಕ್ಕನಾ ಅಂತ ಕೇಳಿದ್ರು, ಮಾಮಾ. ಎಲ್ಲರೂ ನಗಾಡಿದ್ರು. ಗೋವಾದಿಂದ ಬಂದ ಫೋಟೋಗ್ರಾಫರ್ ಒಬ್ರೇ ನಗಲಿಲ್ಲ. ಬಣ್ಣ ತಿದ್ದದೆ ಇದ್ದ ಫೋಟೋ ನಾಳೆ ತಕಂಡು ಬಾ, ನೋಡ್ವ ಅಂದಾರೆ. ಕೊಡಿ.”

ಇಲ್ಲವೆಂದು ಗೊತ್ತಿದ್ದೂ ಮಾಬ್ಲೇಶ್ವರ ಕಂಪ್ಯೂಟರಿನಲ್ಲಿ ಹುಡುಕಿದ. ರೀಲಿನ ಕಾಲವಾಗಿದ್ದರೆ ಎಂಥ ಪ್ರಿಂಟು ಹಾಕಿದರೂ ನೆಗೆಟಿವ್ ಉಳಿಯುತ್ತಿತ್ತು. ಕೊನೆಗೆ ತಲೆ ತಗ್ಗಿಸಿ, “ಮತ್ತೊಮ್ಮೆ ತೆಗೀತೆ, ಕೂತ್ಕೋ,” ಎಂದ.

ಅದೇ ಸೀರೆ ತರಿಸಿದರು. ಅದೇ ಗೋಡೆ, ಅದೇ ಒಂದು ದೀಪ, ಬದಿಗೆ ಅಷ್ಟೇ ಖಾಲಿ ಜಾಗ. ಕಣ್ಣಿನ ಚುಕ್ಕಿಯೂ ಸರಿಯಾದ ಕಡೆಯೇ ಬಿತ್ತು. ಆದರೆ ಈಗ ಅವಳು ತನ್ನ ಮುಖ ಹೇಗೆ ಕಾಣುತ್ತದೋ ಎಂದು ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ತೆಗೆದರೂ ಅದೇ ಅಂಜಿಕೆ. ಪರದೆಯನ್ನು ನೋಡಿ ಮನಿಷಾಳೇ ಹೇಳಿದಳು, “ಇದು ಅಲ್ಲ ಅಲ್ದಾ, ಮಾಮಾ?” ಚಿತ್ರ ಓದುವುದನ್ನು ಅವನೇ ಕಲಿಸಿದ್ದ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮರುದಿನ ಅವಳು ಕಾರವಾರಕ್ಕೆ ಹೋಗಲಿಲ್ಲ. ಹೋರ್ಡಿಂಗಿನಲ್ಲಿ ಬೇರೆ ಯಾರೋ ಬಂದರು. ಮಾಬ್ಲೇಶ್ವರ ಆ ದಾರಿಯಲ್ಲಿ ಹೋಗುವಾಗಲೆಲ್ಲ ಬಸ್ಸಿನ ಇನ್ನೊಂದು ಬದಿಗೆ ಕೂರುತ್ತಿದ್ದ. ತಾನು ನೂರಾರು ಹುಡುಗಿಯರಿಗೆ ಮಾಡಿದ್ದು ಉಪಕಾರವೆಂಬ ನಂಬಿಕೆಯೇ ಅವನಲ್ಲಿ ಸತ್ತುಹೋಗಿತ್ತು.

ಎರಡು ವರ್ಷ ಕಳೆದು ನಾಗಿ ಮಗಳನ್ನು ಕರೆದುಕೊಂಡು ಬಂದಳು. ಸಂಬಂಧ ನೋಡುತ್ತಿದ್ದರು, ಫೋಟೋ ಬೇಕಿತ್ತು. ಮಾಬ್ಲೇಶ್ವರ ಸಡಗರದಿಂದ ಎದ್ದು ಒಂದು ದೀಪವನ್ನು ಮೂಲೆಗೆ ತಳ್ಳಿದ.

“ಈ ಸಲ ನೀ ಇದ್ದಂಗೇ ತೆಗೀತೆ, ತಂಗಿ. ಒಂದು ಗೀಟೂ ತಿದ್ದುದಿಲ್ಲ.”

“ಬೇಡ, ಮಾಮಾ,” ಎಂದಳು ಮನಿಷಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡೂ ದೀಪ ಹಾಕಿ. ಎಲ್ಲರಿಗೂ ಮಾಡ್ತ್ರಲ್ಲಾ, ಹಾಂಗೇ ಬೆಳ್ಳಗೆ ಮಾಡಿ ಕೊಡಿ.”

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ದೀಪವನ್ನು ಮತ್ತೆ ಎಳೆದು ತಂದು ನಿಲ್ಲಿಸಿದ, ಬೆಳ್ಳಗೆ ಮಾಡಿದ. ಪ್ರಿಂಟು ಕೈಗೆ ಬಂದಾಗ ಮನಿಷಾ ಅದನ್ನು ಒಮ್ಮೆ ನೋಡಿ, “ಚಲೋ ಬಂದದೆ, ಮಾಮಾ,” ಎಂದು ಪರ್ಸಿನೊಳಗೆ ಇಟ್ಟುಕೊಂಡಳು.