ಬಾಯಿ ಬಿಡಿಸಿದ ಮೇಲೆ

ಶ್ರೀರಂಗಪಟ್ಟಣದ ಒಂದು ಕಾಲೇಜಿಗೆ ನಾನು ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದ ದಿನ, ನನ್ನ ಮಾತಿನ ಮೇಲೆ ಒಬ್ಬ ಮನುಷ್ಯ ನಮ್ಮ ಕಡೆಯ ಪೊಲೀಸ್ ಠಾಣೆಯಲ್ಲಿ ಏಟು ತಿನ್ನುತ್ತಿದ್ದ. ಅವತ್ತಿನ ವಿಷಯ: ಹೊರದೇಶಗಳಿಗೆ ಮಾನವ ಹಕ್ಕಿನ ಪಾಠ ಹೇಳುವ ಪ್ರಜಾಪ್ರಭುತ್ವಗಳು ತಮ್ಮ ಸೆರೆಯಾಳುಗಳಿಗೆ ಚಿತ್ರಹಿಂಸೆ ಕೊಡುವುದು ಸರಿಯೇ? ಸರಿಯಲ್ಲ ಎಂದು ವಾದಿಸಿದ ಹುಡುಗಿಗೆ ಮೊದಲ ಬಹುಮಾನ ಕೊಟ್ಟೆ. ಆಮೇಲೆ ನಾನೇ ಮೈಕ್ ಹಿಡಿದು, ನೋವು ತಡೆಯಲಾರದೆ ಮನುಷ್ಯ ಹೇಳುವುದು ಸತ್ಯವಲ್ಲ, ಹೊಡೆಯುವವನಿಗೆ ಬೇಕಾದ ಮಾತು ಎಂದು ಗಂಟಲು ಹರಿಯುವಂತೆ ಹೇಳಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಇಪ್ಪತ್ತೈದು ವರ್ಷ ರಾಜ್ಯಶಾಸ್ತ್ರ ಹೇಳಿ ಸವೆದವನಿಗೆ ಇಂಥ ಭಾಷಣ ನಿದ್ದೆಯಲ್ಲೂ ಬರುತ್ತದೆ.

ನಮ್ಮೂರು ಶೀಳನೆರೆಯ ಹತ್ತಿರ. ಕೆ.ಆರ್. ಪೇಟೆಯ ಕಾಲೇಜಿಗೆ ದಿನವೂ ಹೋಗಿಬರುತ್ತೇನೆ. ಜಮೀನು ನೋಡಿಕೊಳ್ಳುವುದು ಅಪ್ಪ. ಆ ವಾರ ನಮ್ಮ ಪಂಪ್‌ಸೆಟ್ಟಿನ ಕೇಬಲ್ಲು ಕಾಣೆಯಾಯಿತು. ಒಳಗೆ ತಾಮ್ರ ಇರುವುದರಿಂದ ಅದರ ಮೇಲೆ ಕಳ್ಳರಿಗೆ ಯಾವಾಗಲೂ ಕಣ್ಣು. ಹಿಂದಿನ ಸಂಜೆ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದವನು ನಮ್ಮ ತೆಂಗಿನ ಮರ ಹತ್ತುವವನು. ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದವನು. ಆದರೂ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ನಮ್ಮೂರಲ್ಲಿ ಇದಕ್ಕೊಂದು ದಾರಿಯಿದೆ. ಮಾರಮ್ಮನ ಗುಡಿ ಮುಂದೆ ಕರ್ಪೂರ ಹಚ್ಚುತ್ತಾರೆ. ಅನುಮಾನಕ್ಕೆ ಸಿಕ್ಕವನು "ನಾನು ತಗೊಂಡಿಲ್ಲ" ಎಂದು ಅದನ್ನು ಅಂಗೈಯಿಂದ ಬಡಿದು ಆರಿಸಬೇಕು. ಆರಿಸಿದ ಮೇಲೆ ಯಾರೂ ಮಾತಾಡುವ ಹಾಗಿಲ್ಲ. ಅವನು ತಾನಾಗಿಯೇ ಬಂದ.

"ನಡೀರಿ ಮೇಷ್ಟ್ರೇ, ಈಗ್ಲೇ ಕರ್ಪೂರ ಆರುಸ್ಬುಡ್ತೀನಿ. ಅಲ್ಲಿಗೆ ಮುಗ್ದೋಯ್ತದೆ."

"ಆರುಸ್ಲಿ ಬುಡ್ಲಾ," ಎಂದರು ಅಪ್ಪ.

ನನಗೆ ರೇಗಿತು. ಯಾವ ಕಾಲದಲ್ಲಿದ್ದೀರಿ, ಸಂವಿಧಾನ ಇದೆ, ಕಾನೂನು ಇದೆ, ಕರ್ಪೂರ ಯಾಕೆ ಎಂದು ಇಬ್ಬರಿಗೂ ಸೇರಿಸಿ ಒಂದು ಪೀರಿಯಡ್ಡು ತೆಗೆದುಕೊಂಡೆ. ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಾನೇ ಠಾಣೆಗೆ ಹೋದೆ.

ಅಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಎದ್ದು ಬಂದು ಕಾಲು ಮುಟ್ಟಿದ. "ನಿಮ್ ಮೂಲಭೂತ ಹಕ್ಕಿನ ಪಾಠ ಇನ್ನೂ ಬಾಯಿಗ್ ಬತ್ತದೆ ಸಾರ್. ಕಂಪ್ಲೇಂಟು ಗಿಂಪ್ಲೇಂಟು ಏನೂ ಬ್ಯಾಡ. ನೀವು ಮನೇಗೋಗಿ, ಬಾಯ್ ಬುಡುಸ್ತೀವಿ."

ಪೊಲೀಸರು ಬಾಯಿ ಬಿಡಿಸುವುದು ಹೇಗೆ ಎಂದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ನಾನು "ಸ್ವಲ್ಪ ನೋಡ್ಕೊಂಡು ಮಾಡಪ್ಪ" ಎಂದೆ. ಬೇಡ ಎನ್ನಲಿಲ್ಲ. ನನ್ನ ಇಪ್ಪತ್ತೈದು ವರ್ಷದ ಪ್ರಜಾಪ್ರಭುತ್ವವೆಲ್ಲ ಆ ಒಂದು "ಸ್ವಲ್ಪ"ದಲ್ಲಿ ಮುಗಿಯಿತು. ಮಾರನೆಯ ದಿನ ಶ್ರೀರಂಗಪಟ್ಟಣಕ್ಕೆ ಹೋದೆ.

ಶಾಲು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದಾಗ ಅವನ ಹೆಂಡತಿ ನಮ್ಮ ಜಗಲಿಯ ಕೆಳಗೆ ನಿಂತಿದ್ದಳು. "ನೀವೊಂದ್ ಮಾತೇಳಿದ್ರೆ ಬುಟ್ಬುಡ್ತಾರೆ ಮೇಷ್ಟ್ರೇ." ಕಾನೂನು ತನ್ನ ಕೆಲಸ ಮಾಡ್ತದೆ ಕಣಮ್ಮ, ತಪ್ಪಿಲ್ಲದಿದ್ದರೆ ಬಿಟ್ಟು ಕಳಿಸ್ತಾರೆ ಎಂದು ಒಳಗೆ ಹೋದೆ. ದಣಿವಾಗಿತ್ತು.

ಮೂರನೆಯ ದಿನ ಫೋನು ಬಂತು. ಒಪ್ಪಿಕೊಂಡಿದ್ದಾನೆ, ಪಾಂಡವಪುರದ ಗುಜರಿ ಅಂಗಡಿಗೆ ಮಾರಿದನಂತೆ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಗುಜರಿಯವನು ಈ ಮುಖವನ್ನೇ ನೋಡಿಲ್ಲ ಎಂದ. ಮಾಲು ಸಿಗಲಿಲ್ಲ, ಕೇಸೂ ಬರೆಯಲಿಲ್ಲ, ಬಿಟ್ಟು ಕಳಿಸಿದರು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಒಪ್ಪಿಕೊಂಡ ಎಂದು ಕೇಳಿದ ಕೂಡಲೇ ನನಗೆ ಹಾಯೆನಿಸಿತು. ಮೈಕಿನಲ್ಲಿ ಅಷ್ಟು ಕೂಗಿದ್ದವನಿಗೆ ಅವನ ಬಾಯಿಂದ ಆ ಒಪ್ಪಿಗೆ ಹೇಗೆ ಬಂತೆಂಬ ಯೋಚನೆಯೇ ಬರಲಿಲ್ಲ. ಹೊಸ ಕೇಬಲ್ಲು ತಂದು ಹಾಕಿಸಿದೆ.

ಎರಡು ತಿಂಗಳು ಕಳೆದಿರಬೇಕು. ಹಸುವಿಗೆ ಹುಲ್ಲು ಹಿರಿಯುತ್ತಿದ್ದಾಗ ಮೆದೆಯೊಳಗಿಂದ ಗೋಣಿಚೀಲವೊಂದು ಜಾರಿ ಕಾಲಮೇಲೆ ಬಿತ್ತು. ಬಿಚ್ಚಿದರೆ ನಮ್ಮ ಕೇಬಲ್ಲು, ನೀಟಾಗಿ ಸುತ್ತಿ ಹುರಿಯಲ್ಲಿ ಕಟ್ಟಿದ್ದು. ಆ ಗಂಟು ಅಪ್ಪನದು. ನಾಲೆಗೆ ನೀರು ಬಿಟ್ಟಾಗ ನಮ್ಮಲ್ಲಿ ಪಂಪ್‌ಸೆಟ್ಟಿಗೆ ರಜೆ. ಕಳ್ಳರಿಗೆ ಹೆದರಿ ಕೇಬಲ್ಲು ಬಿಚ್ಚಿ ಮೆದೆಯಲ್ಲೋ ತಿಪ್ಪೆಯಲ್ಲೋ ಅಡಗಿಸಿಡುವುದು ಎಲ್ಲರ ರೂಢಿ. ಅಪ್ಪನಿಗೆ ಆ ಹೊತ್ತಿಗಾಗಲೇ ಮರೆವು ಶುರುವಾಗಿತ್ತು. ಚೀಲ ತೋರಿಸಿದೆ. "ನಾನೇ ಮಡ್ಗಿದ್ನೇನೋ ಕಣ್ಲಾ," ಎಂದು ಕೂತುಬಿಟ್ಟರು. ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವ ಯೋಗ್ಯತೆಯೂ ನನಗಿರಲಿಲ್ಲ.

ಅವನ ಮನೆಗೆ ಹೋದೆ. ಕಾಲು ನೀಡಿಕೊಂಡು ಕೂತಿದ್ದ. ಅಂಗಾಲಿಗೆ ಬಿದ್ದ ಏಟಿನಿಂದ ಮರ ಹತ್ತುವುದು ನಿಂತಿತ್ತು. ಎಲ್ಲ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

"ಮನೇಲೂ ನಾನೇ ಕದ್ದೆ ಅಂತ್ಲೇ ಏಳ್ದೆ ಮೇಷ್ಟ್ರೇ. ಮಾತು ತಿರುಗ್ಸುದ್ರೆ ಇನ್ನೊಂದ್ಸಲ ಎತ್ತಾಕ್ಕಂಡೋಯ್ತೀವಿ ಅಂದಿದ್ರು. ನಮ್ಮವಳು ಕಳ್ಳನ್ ಜೊತೆ ಬಾಳಲ್ಲ ಅಂತ ಅವರಪ್ಪನ ಮನೆ ಸೇರ್ಕಂಡ್ಳು. ನಾನೇಳುದ್ರೆ ಈಗ ನಂಬಾಕಿಲ್ಲ. ನೀವೋಗಿ ಏಳಿ."

ಅವಳ ತವರು ಬಿಂಡಿಗನವಿಲೆ. ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ, ನಾಗಮಂಗಲದಲ್ಲಿ ಬಸ್ಸು ಬದಲಿಸಿ ಹೋದೆ. ಅವಳು ಕುರಿಹಟ್ಟಿಯ ಕಸ ಹೊಡೆಯುತ್ತಿದ್ದಳು. ಪೊರಕೆ ಕೆಳಗಿಡದೆ ಪೂರ್ತಿ ಕೇಳಿಸಿಕೊಂಡಳು.

"ಅವ್ರು ಯಾವತ್ತೂ ಸುಳ್ಳೇಳ್ದೋರಲ್ಲ. ಅದುಕ್ಕೇ ಕದ್ದೆ ಅಂದಾಗ ನಂಬ್ಬುಟ್ಟೆ," ಎಂದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಕೇಳಿದಳು: "ಅವತ್ತು ನಾನು ನಿಮ್ ಬಾಗಲ್ಗೆ ಬಂದು ನಿಂತಿದ್ನಲ್ಲ, ಅವ್ರಿಗೆ ಒಡೀತಾವ್ರೆ ಅಂತ ನಿಮಗ್ ಗೊತ್ತಿತ್ತಾ?"

ತರಗತಿಯಲ್ಲಾಗಿದ್ದರೆ ಈ ಪ್ರಶ್ನೆಗೆ ಬೆಲ್ಲು ಹೊಡೆಯುವ ತನಕ ಉತ್ತರ ಹೇಳುತ್ತಿದ್ದೆ.

"ಗೊತ್ತಿತ್ತು," ಎಂದೆ.

ಅವಳು ಒಳಗೆ ಹೋಗಿ ಬಟ್ಟೆಯ ಬ್ಯಾಗು ತಂದಳು. ನಾನೂ ಹಿಂದೆ ಹೊರಟೆ. ನಾಗಮಂಗಲದ ಬಸ್ಸು ಬಂದು ನಿಂತಾಗ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು.

"ಇದ್ರಲ್ಲಿ ನಾನೋಯ್ತೀನಿ. ನೀವು ಮುಂದಿನ ಬಸ್ಸಿಗ್ ಬನ್ನಿ."