ಮುನಿಲಕ್ಷ್ಮಿ ಹೇಳದ ಕತೆ

ಮೊನ್ನೆ ದೊಡ್ಡಬಳ್ಳಾಪುರದ ಹಿಟ್ಟಿನ ಗಿರಣಿಯಲ್ಲಿ ನನ್ನ ಸರದಿಗಾಗಿ ಕಾಯುತ್ತ ನಿಂತಿದ್ದೆ. ಮುಂದಿದ್ದ ಹೆಂಗಸು ಒಂದು ಹಳೆಯ ಚೀಲದ ಬಾಯಿ ಬಿಚ್ಚಿದಳು. ಎಷ್ಟು ದಿನ ಮೂಲೆಯಲ್ಲಿ ಬಿದ್ದಿತ್ತೋ ಏನೋ, ರಾಗಿಗೆ ಮುಗ್ಗಲು ಹಿಡಿದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಡಬ್ಬವನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದು ನಿಂತುಬಿಟ್ಟೆ.

"ಏನ್ ಮೇಷ್ಟ್ರೇ, ತಲೆ ಸುತ್ತು ಬಂತಾ? ಸೋಡಾ ತರಿಸ್ಲಾ?" ಎಂದ ಗಿರಣಿಯವನು.

"ಇಲ್ಲಪ್ಪ, ಸೆಕೆ" ಎಂದೆ. ಅವತ್ತು ಮೋಡ ಕವಿದು ತಣ್ಣಗೆ ಗಾಳಿ ಬೀಸುತ್ತಿತ್ತು. ನಿವೃತ್ತ ಮೇಷ್ಟರು ಹೇಳುವ ಸುಳ್ಳುಗಳು ಹೀಗೇ, ಎಲ್ಲರಿಗೂ ಗೊತ್ತಾಗುವಂಥವು. ನಿಜವಾದ ಕಾರಣ ಗಿರಣಿಯ ಬಾಗಿಲಲ್ಲಿ ನಿಂತು ಹೇಳುವಂಥದ್ದಲ್ಲ. ನಿಮಗೆ ಸ್ವಲ್ಪ ಹೊತ್ತು ಬಿಡುವಿದ್ದರೆ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟವನು. ಹೇಳಿಕೊಟ್ಟವನು ಎನ್ನುವುದು ದೊಡ್ಡ ಮಾತಾಯಿತು, ನೋಟ್ಸ್ ಬರೆಸಿದವನು. ಯಾವ ಹುಡುಗ ಯಾವ ಪ್ರಶ್ನೆ ಕೇಳಿದರೂ "ಗೊತ್ತಿಲ್ಲ" ಎಂದವನಲ್ಲ. ಗೊತ್ತಿಲ್ಲದಿದ್ದಾಗ "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎನ್ನುತ್ತಿದ್ದೆ. ಇಂಥ ನನಗೂ ನಿವೃತ್ತಿಯಾದ ಮೇಲೆ ಇತಿಹಾಸಕಾರನೆಂಬ ಹೆಸರು ಬಂತು. ಹಳ್ಳಿಯ ಕಡೆ ಕನ್ನಡಕ ಹಾಕಿಕೊಂಡು ಎರಡು ಶಾಸನದ ಕಲ್ಲಿಗೆ ನೀರು ಹೊಯ್ದು ಓದಿದರೆ ಆ ಹೆಸರು ತಾನಾಗಿಯೇ ಬರುತ್ತದೆ.

ಆವತಿ ಕಡೆಯ ಒಂದು ಹಳ್ಳಿಯಲ್ಲಿ ಹನುಮೇಗೌಡರ ಹಿರಿಯರ ಮನೆಯಿತ್ತು. ಎರಡು ತೊಟ್ಟಿಯ ದೊಡ್ಡ ಮನೆ, ಯಾರೂ ವಾಸವಿರಲಿಲ್ಲ. ಹನುಮೇಗೌಡರು ವಕೀಲರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಮರ್ಯಾದಸ್ಥರು. ಶನಿವಾರ ಭಾನುವಾರ ನಂದಿಬೆಟ್ಟಕ್ಕೆ ಹೋಗಿಬರುವ ಕಾರುಗಳು ಊರ ಮುಂದೆಯೇ ಹಾದುಹೋಗುವುದನ್ನು ನೋಡಿ ಅವರಿಗೆ ಒಂದು ಯೋಚನೆ ಬಂತು. ಮನೆಯನ್ನು ರಿಪೇರಿ ಮಾಡಿಸಿ, ಒರಳು, ಬೀಸುಕಲ್ಲು, ಕೂರಿಗೆ, ಕತ್ತಿಗಳನ್ನೆಲ್ಲ ಜೋಡಿಸಿ ಮ್ಯೂಸಿಯಂ ಮಾಡಿದರು. ಮನೆಯ ಚರಿತ್ರೆಯನ್ನು ನಾನು ಬರೆದುಕೊಟ್ಟೆ, ಹನ್ನೆರಡು ಪುಟ. ಬಂದವರಿಗೆ ಅದನ್ನು ಬಾಯಲ್ಲಿ ಹೇಳಿ ಮನೆ ತೋರಿಸುವವರು ಒಬ್ಬರು ಬೇಕಾಗಿತ್ತು. ಆರಿಸುವ ಕೆಲಸಕ್ಕೆ ಹನುಮೇಗೌಡರು ಮತ್ತು ನಾನು ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತೆವು.

ಮೊದಲು ಬಂದ ಯುವಕ ನನ್ನನ್ನು ಎರಡು ಸಲ "ಗುರು" ಎಂದು ಕರೆದ. ಗುರುವೆಂದರೆ ನಿಜವಾದ ಗುರು ಎಂದುಕೊಂಡು ನಾನು ಹಿಗ್ಗಿದೆ. ಮೂರನೆಯ ಸಲ ಅವನು ತನ್ನ ಫೋನಿನಲ್ಲಿದ್ದ ಯಾರನ್ನೋ ಹಾಗೆಯೇ ಕರೆದಾಗ ವಿಷಯ ತಿಳಿಯಿತು. ಎರಡನೆಯವರು ಬರಲೇ ಇಲ್ಲ. ಮೂರನೆಯವಳು ಮುನಿಲಕ್ಷ್ಮಿ.

ನಲವತ್ತರ ಆಸುಪಾಸಿನ ಹೆಂಗಸು, ಪಕ್ಕದ ಹಳ್ಳಿಯವಳು. ಪಿಯುಸಿವರೆಗೆ ಓದಿದ್ದಳು. ಏರ್‌ಪೋರ್ಟಿನಲ್ಲಿ ಎಂಟು ವರ್ಷ ನೆಲ ಒರೆಸುವ ಕೆಲಸ ಮಾಡಿ, ಸೊಂಟ ನೋವು ಶುರುವಾಗಿ ಬಿಟ್ಟಿದ್ದಳು. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ಕೂತ್ಕೊಂಡು ಹೇಳಕ್ಕೆ ಬರಲ್ಲ ಸಾರ್. ಮನೆ ಒಳಗೆ ನಡೀತಾ ಹೇಳ್ತೀನಿ, ನೀವೂ ಬನ್ನಿ" ಎಂದಳು.

ನಡೆದೆವು. ನಾನು ಬರೆದ ಹನ್ನೆರಡು ಪುಟವನ್ನು ಅವಳು ಓದಿಕೊಂಡು ಬಂದಿದ್ದಳು. ಆದರೆ ಅವಳ ಬಾಯಲ್ಲಿ ಅದು ನೋಟ್ಸಿನ ಹಾಗೆ ಕೇಳಲಿಲ್ಲ. ಕಂಬದ ಮೇಲೆ ಕೈಯಿಟ್ಟು ಹೇಳಿದರೆ ಆ ಕಂಬ ಅವತ್ತೇ ನೆಟ್ಟಂತೆ ಕಾಣುತ್ತಿತ್ತು. ಹಿತ್ತಲ ಅಂಗಳಕ್ಕೆ ಬಂದೆವು. ಅಂಗಳಕ್ಕೆ ಪೂರ್ತಿ ಕಲ್ಲುಚಪ್ಪಡಿ ಹಾಸಿದೆ. ಅವಳು ನೇರ ನಡೆದು ಬಂದವಳು ನಡುವೆ ಒಂದು ಚಪ್ಪಡಿಯನ್ನು ಮಾತ್ರ ತುಳಿಯದೆ ಬಳಸಿಕೊಂಡು ಆಚೆಗೆ ಹೋಗಿ ನಿಂತಳು.

"ಇಲ್ಲಿ ಹಗೇವಿದೆ ಸಾರ್."

ಹಗೇವು ಎಂದರೆ ಧಾನ್ಯ ತುಂಬಿಡಲು ನೆಲದಡಿ ತೋಡಿದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟೇ ಕಿರಿದು, ಒಳಗೆ ಕೊಡದಂತೆ ಅಗಲ. ಹಿಂದೆ ರಾಗಿಯನ್ನು ವರ್ಷಗಟ್ಟಲೆ ಅದರಲ್ಲಿ ಮುಚ್ಚಿಡುತ್ತಿದ್ದರು. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗೆ ಗಾಳಿ ಕೆಟ್ಟಿರುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು.

"ಇಲ್ಲಿ ಹಗೇವು ಇತ್ತು ಅಂತ ಯಾವ ದಾಖಲೆಯಲ್ಲೂ ಇಲ್ವಲ್ಲಮ್ಮ" ಎಂದೆ. ಧ್ವನಿ ಸ್ವಲ್ಪ ಗಡುಸಾಗಿಯೇ ಇತ್ತು.

"ದಾಖಲೆ ನಂಗೊತ್ತಿಲ್ಲ ಸಾರ್. ನಮ್ಮಜ್ಜಿಯ ಅವ್ವ ಈ ಮನೇಲಿ ಆಳು. ಅವಳ ತಂಗೀನೂ ಇಲ್ಲೇ ಕೆಲ್ಸಕ್ಕಿದ್ಲು. ಇನ್ನೂ ಮದುವೆ ಆಗಿರ್ಲಿಲ್ಲ, ಸಣ್ಣಕ್ಕಿದ್ಲು, ಹಗೇವಿನ ಬಾಯಲ್ಲಿ ಸಲೀಸಾಗಿ ಇಳೀತಾಳೆ ಅಂತ ಅವಳನ್ನೇ ಇಳಿಸೋರು. ಒಂದಿನ ಮನೆಗೆ ನೆಂಟರು ಬಂದಿದ್ರಂತೆ, ಅವಸರ. ದೀಪ ಬಿಟ್ರು, ಆರೋಯ್ತು. ಗಾಳಿಗೆ ಆರಿರತ್ತೆ, ಇಳಿ ಅಂದ್ರಂತೆ. ಇಳಿದ್ಲು. ರಾಗಿ ತುಂಬೋಕೆ ಮಂಕರಿ ಬುಟ್ಟೀನ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ರು. ಮಂಕರಿ ತುಂಬಲಿಲ್ಲ, ಮೇಲಿಂದ ಕೂಗಿದ್ರೂ ಅವಳು ಓಗೊಡ್ಲಿಲ್ಲ."

ತಲೆಯ ಮೇಲೆ ಒಂದು ವಿಮಾನ ಇಳಿಯುತ್ತ ಹೋಯಿತು. ಅದರ ಸದ್ದು ಅಡಗುವವರೆಗೆ ಅವಳು ಕಾದಳು.

"ಮೇಲಕ್ಕೆ ಎತ್ತಿದ್ರೋ, ಹಂಗೇ ಮುಚ್ಚಿದ್ರೋ, ನಮ್ಮಜ್ಜಿಗೂ ಗೊತ್ತಿಲ್ಲ. ಹಗೇವಿನ ಮೇಲೆ ಚಪ್ಪಡಿ ಬಿತ್ತು. ನಮ್ಮೋರ್ನ ಆವತ್ತಿಂದ ಈ ಅಂಗಳಕ್ಕೆ ಬಿಡ್ಲಿಲ್ಲ."

ಅವಳನ್ನು ಹೊರಗೆ ಕೂರಿಸಿ ನಾವಿಬ್ಬರೂ ಮಾತಾಡಿದೆವು. ಹನುಮೇಗೌಡರ ಮುಖ ಕಪ್ಪಿಟ್ಟಿತ್ತು. "ನಮ್ಮ ಮನೆ ತೋರ್ಸೋಕೆ ಬಂದು ನಮ್ಮ ಮನೇನೇ ಕಟಕಟೆಗೆ ನಿಲ್ಲಿಸ್ತಾಳಲ್ರೀ ಮೇಷ್ಟ್ರೇ" ಎಂದರು. ಆದರೆ ಅವಳಷ್ಟು ಚೆನ್ನಾಗಿ ಹೇಳುವವರು ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆಗ ನಾನು ಒಂದು ಜಾಣ ಉಪಾಯ ಸೂಚಿಸಿದೆ. ನೆನೆದರೆ ಈಗಲೂ ಮೈಯೆಲ್ಲ ಮುಳ್ಳಾಗುತ್ತದೆ. ಅವಳನ್ನು ತೆಗೆದುಕೊಳ್ಳೋಣ, ಆದರೆ ನಾನು ಬರೆದದ್ದನ್ನು ಬಿಟ್ಟು ಒಂದು ಮಾತೂ ಹೇಳಕೂಡದು. ಕರೆದು ಹೇಳಿದೆವು.

ಮುನಿಲಕ್ಷ್ಮಿ ಅಂಗಳದ ಕಡೆ ತಿರುಗಿದಳು. "ಹೇಳ್ಬೇಡ ಅಂದ್ರೆ ಹೇಳಲ್ಲ ಸಾರ್. ಆದ್ರೆ ಅಂಗಳದಲ್ಲಿ ಒಂದ್ಗಳಿಗೆ ಸುಮ್ನೆ ನಿಲ್ತೀನಿ. ನಿಲ್ಬೇಡ ಅನ್ಬೇಡಿ" ಎಂದಳು. ನಿಲ್ಲುವುದಕ್ಕೆ ಏನು ಅಡ್ಡಿ, ನಿಲ್ಲಲಿ ಎಂದೆವು.

ಎರಡು ತಿಂಗಳು ಕಳೆದಿರಬೇಕು. ಮ್ಯೂಸಿಯಮ್ಮಿನ ಬಾಗಿಲಲ್ಲಿ ಬಂದವರು ಅಭಿಪ್ರಾಯ ಬರೆಯುವ ಪುಸ್ತಕವಿತ್ತು. ನನ್ನ ಚರಿತ್ರೆಯನ್ನು ಯಾರಾದರೂ ಹೊಗಳಿದ್ದಾರೋ ಎಂದು ನೋಡುವುದು ನನ್ನ ಗುಟ್ಟಿನ ಚಟ. ಯಾರೂ ಹೊಗಳಿರಲಿಲ್ಲ. ಆದರೆ ಒಬ್ಬರು "ಹಗೇವಿನ ಹುಡುಗಿಯ ಕತೆ ಕೇಳಿ ಊಟ ಸೇರಲಿಲ್ಲ" ಎಂದು ಬರೆದಿದ್ದರು. ನಾಲ್ಕು ಪುಟದ ಹಿಂದೆ ಇನ್ನೊಬ್ಬರ ಅಕ್ಷರದಲ್ಲಿ, "ದೀಪ ಆರಿದ ಮೇಲೂ ಇಳಿಸಿದರಲ್ಲ." ಅದಕ್ಕೂ ಹಿಂದೆ ಮತ್ತೊಂದು.

ಮುನಿಲಕ್ಷ್ಮಿಯನ್ನು ಕರೆದು ಪುಸ್ತಕ ಮುಂದಿಟ್ಟೆ. "ಮಾತು ಕೊಟ್ಟಿದ್ದೆಯಲ್ಲಮ್ಮ."

ಅವಳು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಮುಖದ ಬಣ್ಣ ಇಳಿಯಿತು. "ನಮ್ಮ ತಾಯಾಣೆ ಸಾರ್. ನಾನು ಒಂದು ಮಾತೂ ಹೇಳಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಮುಂದಿನ ಭಾನುವಾರ ಹತ್ತು ಹದಿನೈದು ಜನರ ಒಂದು ಗುಂಪಿನೊಳಗೆ ನಾನೂ ಸೇರಿಕೊಂಡೆ. ತಲೆಗೊಂದು ಟೋಪಿ ಹಾಕಿಕೊಂಡಿದ್ದೆ, ಮರೆಮಾಚಿಕೊಂಡಿದ್ದೇನೆಂದು ನನ್ನ ಭಾವನೆ. ಮುನಿಲಕ್ಷ್ಮಿ ಬಾಗಿಲಲ್ಲೇ ಗುರುತು ಹಿಡಿದು ನಮಸ್ಕಾರ ಹೇಳಿದಳು. ಕೋಣೆ ಕೋಣೆಯಲ್ಲೂ ನಾನು ಬರೆದದ್ದನ್ನೇ ಹೇಳುತ್ತ ಬಂದಳು. ಅಂಗಳಕ್ಕೆ ಬಂದಾಗ ಚಪ್ಪಡಿಯ ಪಕ್ಕದಲ್ಲಿ ನಿಂತಳು. ಬಾಯಿ ಮುಚ್ಚಿತ್ತು. ನಾನು ಅವಳಿಂದ ಎರಡು ಮಾರು ದೂರದಲ್ಲಿದ್ದೆ, ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ. ನಡು ಮಧ್ಯಾಹ್ನದ ಬಿಸಿಲು. ಗುಂಪಿನಲ್ಲಿ ಅಲ್ಲಿಯವರೆಗೆ ಫೋಟೊ ತೆಗೆದುಕೊಳ್ಳುತ್ತ ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಎಲ್ಲರೂ ತಲೆ ಸ್ವಲ್ಪ ಬಾಗಿಸಿ, ಹತ್ತಿರದಲ್ಲಿ ಯಾರೋ ಮೆಲ್ಲಗೆ ಹೇಳುತ್ತಿರುವುದನ್ನು ಕೇಳುವವರಂತೆ ನಿಂತಿದ್ದರು. ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಮುನಿಲಕ್ಷ್ಮಿ "ಈ ಕಡೆ ಬನ್ನಿ" ಎಂದಳು. ಹತ್ತು ಹದಿನೈದು ಜನರಲ್ಲಿ ಒಬ್ಬರೂ ಆ ಚಪ್ಪಡಿ ತುಳಿಯಲಿಲ್ಲ, ಬಳಸಿಕೊಂಡು ಹೋದರು.

ಹೊರಗೆ ಬಂದ ಮೇಲೆ ಒಬ್ಬ ಮಧ್ಯವಯಸ್ಸಿನವರು ನನ್ನ ಪಕ್ಕದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು: "ಅಲ್ಲಾ ಸಾರ್, ಕೊನೆಗೆ ಆ ಹುಡುಗಿನ ಮೇಲಕ್ಕೆ ಎತ್ತಿದ್ರಾ? ಅದನ್ನ ಆಕೆ ಹೇಳ್ಲೇ ಇಲ್ವಲ್ಲ."

"ಯಾವ ಹುಡುಗಿ?"

"ಹಗೇವಿಗೆ ಇಳಿಸಿದ್ರು ಅಂದ್ರಲ್ಲ ಸಾರ್. ಅಂಗಳದಲ್ಲಿ. ನೀವೂ ಅಲ್ಲೇ ನಿಂತಿದ್ರಿ."

ನನ್ನ ಟೋಪಿ ಬೆವರಿನಲ್ಲಿ ಒದ್ದೆಯಾಗಿತ್ತು. ನನಗೆ ಯಾಕೆ ಕೇಳಿಸಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಮೂವತ್ತು ವರ್ಷ ನೋಟ್ಸ್ ಬರೆಸಿದ ಕಿವಿ, ಬೇರೆ ಏನು ಕೇಳಿಸೀತು ಎನಿಸಿತು.

ಅವತ್ತು ಸಂಜೆಯೇ ಹನುಮೇಗೌಡರ ಮುಂದೆ ಹೋಗಿ ಕೂತೆ. ನಡೆದದ್ದನ್ನು ಹೇಳಿದರೆ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಚಿಕ್ಕಂದಿನಲ್ಲಿ ಆ ಕಲ್ಲಿನ ಮೇಲೆ ಆಡೋಕೆ ನಮ್ಮಪ್ಪ ಬಿಡ್ತಿರ್ಲಿಲ್ಲ. ಯಾಕೆ ಅಂದ್ರೆ ಹೊಡೀತಿದ್ರು" ಎಂದರು. ಆಮೇಲೆ ತಾವೇ "ತೆಗೆಸೋಣ" ಎಂದರು.

ಚಪ್ಪಡಿ ಎಬ್ಬಿಸಿದ ದಿನ ಕಲ್ಲುಕೆಲಸದ ಇಬ್ಬರು, ಹನುಮೇಗೌಡರು, ಮುನಿಲಕ್ಷ್ಮಿ ಮತ್ತು ನಾನು ಇದ್ದೆವು. ಹಗೇವನ್ನು ಸಾಮಾನ್ಯವಾಗಿ ಮಣ್ಣು ಮೆತ್ತಿ ಮುಚ್ಚುತ್ತಾರೆ, ಮತ್ತೆ ತೆಗೆಯಬೇಕಲ್ಲ. ಇದರ ಸುತ್ತ ಗಾರೆ ಹಾಕಿದ್ದರು. ಹಾರೆ ಮೀಟಿದಾಗ ಒಳಗಿನಿಂದ ಮುಗ್ಗಿದ ರಾಗಿಯ ವಾಸನೆ ಉಸಿರು ಬಿಟ್ಟಂತೆ ಒಮ್ಮೆಲೇ ಮೇಲೆ ಬಂತು. ಎಲ್ಲರೂ ಹಿಂದೆ ಸರಿದೆವು. ಮುನಿಲಕ್ಷ್ಮಿ ಮಾತ್ರ ಸರಿಯಲಿಲ್ಲ. ಅವಳೇ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟಳು. ಒಂದು ಆಳಿನುದ್ದ ಇಳಿಯುವುದರೊಳಗೆ, ಯಾರೋ ಚಿವುಟಿದಂತೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು.

ಮೂರು ದಿನ ಹಗೇವಿನ ಬಾಯಿ ತೆರೆದೇ ಬಿಟ್ಟೆವು. ನಾಲ್ಕನೆಯ ದಿನ ದೀಪ ನಿಂತಿತು. ಕೆಲಸದವರಲ್ಲೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಟಾರ್ಚು ಹಿಡಿದು ಇಳಿದ.

"ಏನಿದೆಯಪ್ಪಾ?" ಎಂದರು ಹನುಮೇಗೌಡರು.

"ಬೂದಿ ಹಂಗೆ ರಾಗಿ ಹೊಟ್ಟು, ಗೌಡ್ರೇ. ಒಂದು ಮಂಕರಿ ಐತೆ. ಇನ್ನೇನೂ ಇಲ್ಲ."

"ಸರಿಯಾಗಿ ನೋಡು. ಮೂಳೆ ಗೀಳೆ..."

"ಇಲ್ಲ ಗೌಡ್ರೇ. ಕೈಯಲ್ಲಿ ಕೆದಕಿ ನೋಡ್ದೆ. ಏನೂ ಇಲ್ಲ."

ಮುನಿಲಕ್ಷ್ಮಿ ಅಲ್ಲೇ ಕುಸಿದು ಕೂತಳು. "ಎತ್ತಿದ್ರು" ಎಂದಳು. "ಎತ್ತಿದ್ರು ಸಾರ್. ಬಿಟ್ಟು ಮುಚ್ಚಿಲ್ಲ." ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾಲ್ಕು ತಲೆಮಾರು ಅವಳ ಮನೆಯವರು ಹೊತ್ತದ್ದನ್ನು ಇಳಿಸುವವಳಂತೆ ಅತ್ತಳು.

ಮಂಕರಿಯನ್ನು ಮೇಲೆ ತಂದರು. ಮುಟ್ಟಿದರೆ ಉದುರುವಂತಿತ್ತು. ಅವಳು ಕಣ್ಣೊರೆಸಿಕೊಂಡು ಅದರ ಪಕ್ಕ ಕೂತು ಸುತ್ತಲೂ ನೋಡಿದಳು. ಏರ್‌ಪೋರ್ಟಿನಲ್ಲಿ ಎಂಟು ವರ್ಷ ಜನ ಬಿಟ್ಟುಹೋದ ಸಾಮಾನು ನೋಡಿದ ಕಣ್ಣು ಅವಳದು.

"ಹಗ್ಗ ಎಲ್ಲಿ ಸಾರ್?" ಎಂದಳು. "ಮಂಕರಿ ಬಿಟ್ಟ ಹಗ್ಗ. ಮೇಲಿಂದ ಎಳೆದಿದ್ರೆ ಮಂಕರೀನೂ ಬರ್ತಿತ್ತು. ಕೆಳಗೇ ಯಾರೋ ಬಿಚ್ಚಿದಾರೆ. ಬಿಚ್ಚಿ ಅವಳಿಗೆ ಕಟ್ಟಿದಾರೆ. ದೀಪ ಆರಿದ್ಮೇಲೂ, ಅವಳು ಓಗೊಡದೇ ಇದ್ಮೇಲೂ, ಯಾರೋ ಇಳಿದಿದಾರೆ."

ಇಳಿದವರು ಜೀವಸಹಿತ ಮೇಲೆ ಬಂದರೋ ಇಲ್ಲವೋ ಎಂದು ಎಲ್ಲರೂ ಯೋಚಿಸುತ್ತಿದ್ದೆವೆಂದು ಕಾಣುತ್ತದೆ. ಹನುಮೇಗೌಡರು ಮೆಲ್ಲಗೆ ಹೇಳಿದರು: "ನಮ್ಮ ತಾತನಿಗೆ ಒಬ್ಬ ತಮ್ಮ ಇದ್ರಂತೆ. ಸಣ್ಣ ವಯಸ್ಸಲ್ಲೇ ಹೋದ್ರಂತೆ. ಹೆಂಗೆ ಅಂತ ಕೇಳಿದ್ರೆ ನಮ್ಮಪ್ಪ ಎದ್ದು ಹೋಗೋರು."

"ಇರಬೋದು ಸಾರ್" ಎಂದಳು ಮುನಿಲಕ್ಷ್ಮಿ. "ನಮ್ಮೋರೂ ಇರಬೋದು. ಆಳುಮನೇಲಿ ಯಾರು ಯಾವಾಗ ಸತ್ರು ಅಂತ ಯಾರು ಬರೆದಿಟ್ಟವ್ರೆ?"

ನನ್ನ ಹನ್ನೆರಡು ಪುಟಕ್ಕೆ ಒಂದು ಪುಟ ಸೇರಿತು. ಹುಡುಗಿಯ ಹೆಸರು ಗೊತ್ತಿಲ್ಲ, ಇಳಿದವರು ಯಾರೋ ಗೊತ್ತಿಲ್ಲ, ಯಾವ ವರ್ಷವೋ ಗೊತ್ತಿಲ್ಲ ಎಂದು ಬರೆದೆ. ಜೀವಮಾನದಲ್ಲಿ ನಾನು ಬರೆದ ಪುಟಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ ಇರಬೇಕು. ಹನುಮೇಗೌಡರು ಓದಿ ಒಂದು ಅಕ್ಷರವನ್ನೂ ತಿದ್ದದೆ ಹಿಂದಕ್ಕೆ ಕೊಟ್ಟರು. ಮುನಿಲಕ್ಷ್ಮಿ ಈಗ ಅದನ್ನು ಬಾಯಿ ಬಿಟ್ಟೇ ಹೇಳುತ್ತಾಳೆ, ನನಗೂ ಕೇಳಿಸುತ್ತದೆ.

ಕತೆ ಇಲ್ಲಿಗೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ಮೊನ್ನೆ ಗಿರಣಿಯಿಂದ ಮನೆಗೆ ಬಂದವನು ಸುಮ್ಮನೆ ಕೂರಲಾರದೆ ನಮ್ಮಕ್ಕನಿಗೆ ಫೋನ್ ಮಾಡಿದೆ. ಸಮೇತನಹಳ್ಳಿ ಕಡೆಯ ನಮ್ಮ ಊರಿನಲ್ಲೇ ಇದ್ದಾಳೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಫೋನ್ ಹಿಡಿದರೆ ಅರ್ಧ ಗಂಟೆ ಬಿಡುವವಳಲ್ಲ. ಮಂಡಿನೋವು, ಸೊಸೆಯ ತಂಗಿಯ ನಿಶ್ಚಿತಾರ್ಥ, ಈ ಸಲದ ಅವರೆಕಾಯಿ ಎಲ್ಲ ಆಯಿತು. ನಡುವೆ ನಾನು ಕೇಳಿದೆ:

"ಅಕ್ಕಾ, ನಮ್ಮನೇಲೂ ಹಗೇವಿತ್ತಲ್ಲ. ಅದಕ್ಕೆ ಯಾರು ಇಳೀತಿದ್ರು?"

ಮಾತು ನಿಂತಿತು. ಲೈನ್ ಹೋಯಿತೇನೋ ಎಂದುಕೊಂಡೆ. ಆದರೆ ಹಿಂದೆ ಟೀವಿಯ ಸದ್ದು ಕೇಳುತ್ತಿತ್ತು, ಆಮೇಲೆ ಅದನ್ನು ಯಾರೋ ಆರಿಸಿದ್ದೂ ಕೇಳಿಸಿತು.

"ಯಾರು ಹೇಳಿದ್ರೋ ನಿಂಗೆ?" ಎಂದಳು.

"ಯಾರೂ ಹೇಳಿಲ್ಲಕ್ಕ. ಸುಮ್ನೆ ಕೇಳ್ದೆ."

"ಫೋನಲ್ಲಿ ಬೇಡ ಕಣೋ" ಎಂದಳು. "ಊರಿಗೆ ಬಾ."

ನಾಳೆ ಬೆಳಿಗ್ಗೆ ಹೊಸಕೋಟೆ ಬಸ್ಸು ಹಿಡಿಯುತ್ತೇನೆ.